ಹೆದ್ದಾರಿಯಿಂದ ಇಳಿಯೋ ರ‍್ಯಾಂಪಿಗೆ ರೈಲ್ವೆ ಗೇಟ್ ಹಾಕಿದರೆ ಏನು ತೊಂದರೆ?

ಅಮೆರಿಕದಲ್ಲಿ ಕೆಲವು ಕಡೆ ರ‍್ಯಾಂಪ್ ನೆಲದ ಮೇಲೇ ಹಳಿ ದಾಟುತ್ತದೆ, ನಮ್ಮಲ್ಲೂ ಹಂಗೇ ಮಾಡಿದರೆ ಮೇಲ್ಸೇತುವೆ ಖರ್ಚು ಉಳಿಯುತ್ತಲ್ಲ ಅಂತ ಕೇಳಿದ್ದೀರಿ. ಖರ್ಚು ಉಳಿಯುತ್ತೆ, ಖರೆ. ಆದರೆ ಅಲ್ಲಿ ಭಯ ರೈಲಿನದಲ್ಲ, ಗೇಟಿನ ಹಿಂದೆ ಬೆಳೆಯೋ ಸಾಲಿನದು.

ನಾನು ಹುಬ್ಬಳ್ಳಿಯವನು, ಸೀಸನ್ನಿನಾಗ ಗದಗ ಕಡೆಯಿಂದ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಲೋಡ್ ಹೊಡೀತೀನಿ. ಗೇಟ್ ಬಿದ್ದು ಲಾಕ್ ಆಗೋ ತನಕ ರೈಲಿಗೆ ಸಿಗ್ನಲ್ ಕೊಡೋಕೆ ಬರದಂಗ ಎಷ್ಟೋ ಗೇಟುಗಳಲ್ಲಿ ವ್ಯವಸ್ಥೆ ಇರುತ್ತೆ. ಅದಕ್ಕೇ ರೈಲು ಕಣ್ಣಿಗೆ ಬೀಳೋ ಎಷ್ಟೋ ಮೊದಲೇ ಗೇಟ್ ಬೀಳೋದು. ಅಷ್ಟರಲ್ಲಿ ಬೈಕಿನವರು ಬಲಗಡೆ ಖಾಲಿ ಜಾಗಕ್ಕೆ ನುಗ್ತಾರೆ, ಅವರ ಬೆನ್ನಿಗೆ ಟಂಟಂ, ಅದರ ಹಿಂದೆ ಯಾರೋ ಕಾರಿನ ಸಾಹೇಬರು. ಆ ಕಡೆಯವರೂ ಅದನ್ನೇ ಮಾಡಿರ್ತಾರೆ. ಗೇಟ್ ಎದ್ದ ಕೂಡಲೇ ಹಳಿ ಮೇಲೆ ಎಲ್ಲರೂ ಎದುರಾಬದುರು! "ಹಿಂದ ತಗೀರಿ, ಇನ್ನೊಂದು ರೈಲು ಬರಾಕತ್ತೈತಿ" ಅಂತ ಗೇಟ್‌ಮನ್ ಒದರಿದರೂ ಹಿಂದೆ ಸರಿಯೋಕೆ ಜಾಗ ಎಲ್ಲಿರುತ್ತೆ?

ಹಳ್ಳಿ ರಸ್ತೆಯಲ್ಲಾದರೆ ಇದು ಬರೀ ತಲೆನೋವು. ರ‍್ಯಾಂಪಿನಲ್ಲಿ ಹಂಗಲ್ಲ. ಲಾರಿಗೆ 12 ಮೀಟರ್ ಜಾಗ ಹಿಡಿದರೂ 20 ಲಾರಿಗೆ 240 ಮೀಟರ್. ಸಾಲಿನ ಬಾಲ ಹೆದ್ದಾರಿ ಮೇಲೇ ಬಂದು ನಿಲ್ಲುತ್ತೆ. ಎನ್‌ಎಚ್ 48ರಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರೋ ಗಾಡಿ ಸೆಕೆಂಡಿಗೆ 22 ಮೀಟರ್ ದಾಟುತ್ತೆ. ರಾತ್ರಿ, ಹಿಂದಿನ ಲೈಟ್ ಉರಿಯದ ಟ್ರೇಲರ್ ಕೊನೆಗೆ ನಿಂತಿದ್ದರೆ ಏನಾಗುತ್ತೆ ಅಂತ ನಾನು ಹೇಳಬೇಕಿಲ್ಲ.

ಇನ್ನು ಅಮೆರಿಕದ ಮಾತು. ಅಲ್ಲಿ ಜನರಿರೋ ಬಸ್ಸು, ಇಂಧನದ ಟ್ಯಾಂಕರ್ ಗೇಟ್ ತೆರೆದಿದ್ದರೂ ಹಳಿಗೆ 15ರಿಂದ 50 ಅಡಿ ಮುಂಚೆ ನಿಂತು ನೋಡಿಯೇ ದಾಟಬೇಕು, ವಿನಾಯಿತಿ ಇದ್ದ ಕಡೆ ಬಿಟ್ಟು. ರ‍್ಯಾಂಪಿನಲ್ಲಿ ಅದು ಹಿಂದಿನವನಿಗೆ ದಿಢೀರ್ ಬ್ರೇಕ್.

ನಮ್ಮಲ್ಲಿ ದಿನದ ರೈಲುಗಳನ್ನು ವಾಹನಗಳ ಲೆಕ್ಕದಿಂದ ಗುಣಿಸಿ ಟಿವಿಯು (ಟ್ರೇನ್ ವೆಹಿಕಲ್ ಯೂನಿಟ್) ಅಂತಾರೆ. 40 ರೈಲು, 2,500 ವಾಹನ ಅಂದರೆ 1 ಲಕ್ಷ. ಅಷ್ಟಾದ ಗೇಟಿಗೆ ಮೇಲ್ಸೇತುವೆ ಕೇಳಬಹುದು. ರಾಷ್ಟ್ರೀಯ ಹೆದ್ದಾರಿಗಳ ಗೇಟು ತೆಗೆಯೋಕೆ ಅಂತಲೇ 2016ರಲ್ಲಿ ಸೇತು ಭಾರತಂ ಯೋಜನೆ ಶುರುವಾಯ್ತು. ಇರೋ ಗೇಟನ್ನೇ ತೆಗೆಯೋಕೆ ಹೊರಟವರಿಗೆ ಹೊಸದು ಕೇಳೋದು ಹೆಂಗ್ರೀ? ಕೆಳಸೇತುವೆ ಅಗ್ಗ, ಆದರೆ ಒಂದು ದೊಡ್ಡ ಮಳೆಗೆ ಕೆರೆ.

ನಿಮ್ಮೂರಿನ ನಕ್ಷೆಯಲ್ಲಿ ಅಂಥದ್ದೇನಾದರೂ ಇದ್ದರೆ ಹಳಿಯಿಂದ ಹೆದ್ದಾರಿ ತನಕ ಎಷ್ಟು ಮೀಟರ್, ಹಳಿ ದಾಟಿದ ಮೇಲೆ ಮುಂದಿನ ಸರ್ಕಲ್ಲಿಗೆ ಎಷ್ಟು ಅಂತ ಮೊದಲು ಕೇಳಿ. ಎರಡನೆಯದು ಕಡಿಮೆ ಇದ್ದರೆ ಸಿಗ್ನಲ್ಲಿಗೆ ಕಾಯೋ ಲಾರಿಯ ಹಿಂಭಾಗ ಹಳಿ ಮೇಲಿರುತ್ತೆ.