ರಾಯಚೂರಿನಲ್ಲಿ ಪಿಯುಸಿ ಓದ್ತಿದ್ದೇನೆ. ಬಿ.ಆರ್ಕ್ (ಆರ್ಕಿಟೆಕ್ಚರ್ ಡಿಗ್ರಿ) ಸೇರಲು ಏನೇನು ಬೇಕು? ಡ್ರಾಯಿಂಗ್ ಚೆನ್ನಾಗಿಲ್ಲದಿದ್ದರೆ ನಡೆಯುತ್ತಾ?

ನೀವು ಕೇಳಿರುವುದು ಮೂರು ಪ್ರಶ್ನೆ. ಸೆಕೆಂಡ್ ಪಿಯುಸಿ ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ಓದ್ತಿದ್ದೀರಿ, ಯೂನಿವರ್ಸಿಟಿ ಆರ್ಕಿಟೆಕ್ಚರ್ ಕಾಲೇಜು ಸೇರಲು ಏನು ಅರ್ಹತೆ ಬೇಕು? ಸಿಇಟಿ ಬರೆದರೆ ಸಾಕಾ? ಆಮೇಲೆ ಕೊನೆಯಲ್ಲಿ, ಹೇಳಲೋ ಬೇಡವೋ ಅನ್ನುವ ಹಾಗೆ, 'ನನ್ನ ಡ್ರಾಯಿಂಗ್ ಅಷ್ಟಕ್ಕಷ್ಟೇ' ಅಂತ ಸೇರಿಸಿದ್ದೀರಿ. ನಿಮ್ಮ ನಿದ್ದೆ ಕೆಡಿಸಿರುವುದು ಆ ಕೊನೆಯ ಸಾಲೇ ಅಲ್ವಾ? ನನಗೂ ಅದೇ ಆಗಿತ್ತು. ನಾನು ಗಂಗಾವತಿ ಕಡೆಯವನು. 2014ರಲ್ಲಿ ಬಿ.ಆರ್ಕ್ ಸೇರಿದೆ. ಈಗ ಬಳ್ಳಾರಿಯಲ್ಲಿ ಮೂರು ಟೇಬಲ್ಲಿನ ಒಂದು ಸಣ್ಣ ಆಫೀಸು ಇಟ್ಟುಕೊಂಡಿದ್ದೇನೆ.

ಅರ್ಹತೆಯ ವಿಷಯ ಬೇಗ ಮುಗಿಸಿಬಿಡ್ತೀನಿ, ಅದು ಅಷ್ಟು ಕಷ್ಟದ್ದಲ್ಲ. ಪಿಯುಸಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಇರಲೇಬೇಕು. ಮೂರನೆಯ ವಿಷಯ ಕೆಮಿಸ್ಟ್ರಿ ಆಗಬಹುದು, ಬಯಾಲಜಿ ಅಥವಾ ಕಂಪ್ಯೂಟರ್ ಸೈನ್ಸ್ ಕೂಡ ಆಗಬಹುದು. ಒಟ್ಟು ಕನಿಷ್ಠ 45% ಅಂಕ ಬೇಕು. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿದವರೂ, ಅದರಲ್ಲಿ ಮ್ಯಾಥ್ಸ್ ಇದ್ದು 45% ಬಂದಿದ್ದರೆ, ಸೇರಬಹುದು. ಇದು ಇಡೀ ದೇಶದ ಆರ್ಕಿಟೆಕ್ಚರ್ ಓದಿಗೆ ನಿಯಮ ಮಾಡುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಇಟ್ಟಿರುವ ಕೆಳಗಿನ ಗೆರೆ. ಕೆಲವು ಕಾಲೇಜು ಇದಕ್ಕಿಂತ ಜಾಸ್ತಿ ಕೇಳಬಹುದು. ನಿಮಗೆ ಪಿಸಿಎಂಸಿ ಇದೆ, ಚಿಂತೆ ಇಲ್ಲ.

ಜನ ಎಡವುವುದು ಸಿಇಟಿ ವಿಷಯದಲ್ಲಿ. ಇಂಜಿನಿಯರಿಂಗ್‌ಗೆ ಬರೆಯುವ ಸಿಇಟಿ ಅಂಕಕ್ಕೂ ಆರ್ಕಿಟೆಕ್ಚರ್ ಸೀಟಿಗೂ ಸಂಬಂಧವೇ ಇಲ್ಲ. ಆರ್ಕಿಟೆಕ್ಚರ್‌ಗೆ ನಾಟಾ ಅಂತ ಬೇರೆ ಪರೀಕ್ಷೆ ಇದೆ, ಕೌನ್ಸಿಲ್ ನಡೆಸುತ್ತೆ. ಆದರೆ ಸರ್ಕಾರಿ ಕೋಟಾದ ಸೀಟು ಹಂಚುವುದು ಮಾತ್ರ ಸಿಇಟಿ ನಡೆಸುವ ಕೆಇಎನೇ. ಹಾಗಾಗಿ ಕೆಇಎ ಅರ್ಜಿ ಹಾಕಿ, ಅದರಲ್ಲಿ ಆರ್ಕಿಟೆಕ್ಚರ್ ಅಂತ ಗುರುತು ಮಾಡಿ, ಆಮೇಲೆ ಕೇಳಿದಾಗ ನಾಟಾ ಅಂಕ ತುಂಬಬೇಕು. ಎರಡು ಕಡೆ ಅರ್ಜಿ, ಎರಡು ಕಡೆ ಫೀಸು, ಎರಡು ಕಡೆ ಕೊನೇ ದಿನಾಂಕ. ಒಂದನ್ನು ಮಾಡಿ ಇನ್ನೊಂದನ್ನು ಮರೆತ ಹುಡುಗರು ಪ್ರತಿ ವರ್ಷ ಜೂನ್‌ನಲ್ಲಿ ನನ್ನ ಆಫೀಸಿಗೆ ಬಂದು ಮುಖ ಸಣ್ಣಗೆ ಮಾಡಿಕೊಂಡು ಕೂರುತ್ತಾರೆ.

ರ‍್ಯಾಂಕ್ ಲೆಕ್ಕ ಹೀಗೆ: ಪಿಯುಸಿಗೆ ಅರ್ಧ, ನಾಟಾಗೆ ಅರ್ಧ. ಪಿಯುಸಿಯಲ್ಲಿ 80%, ನಾಟಾದಲ್ಲಿ 200ಕ್ಕೆ 120 ಅಂದರೆ 60% ಬಂತು ಅನ್ನಿ. ನಿಮ್ಮ ಲೆಕ್ಕ 70. ಅಂದರೆ ಈಗ ಬೋರ್ಡ್ ಪರೀಕ್ಷೆಗೆ ಓದುವ ಪ್ರತಿ ಗಂಟೆಯೂ ಆರ್ಕಿಟೆಕ್ಚರ್‌ಗೇ ಓದಿದ ಹಾಗೆ. 'ಹೇಗೂ ನಾಟಾ ಇದೆಯಲ್ಲ' ಅಂತ ಪಿಯುಸಿ ಸಡಿಲ ಬಿಡಬೇಡಿ.

ನಾಟಾ ಒಟ್ಟು 200 ಅಂಕ. 2024ರಿಂದ ಅದರ ಮಾದರಿ ಬದಲಾಗಿದೆ. 80 ಅಂಕದ ಡ್ರಾಯಿಂಗ್ ಕಾಗದದ ಮೇಲೆ ಕೈಯಲ್ಲೇ ಮಾಡಬೇಕು, ಒಂದೂವರೆ ಗಂಟೆ. ಬಣ್ಣದ್ದು 25, ಪೆನ್ಸಿಲ್ ಸ್ಕೆಚ್ 25, ಉಳಿದ 30 ಅಂಕಕ್ಕೆ ಅಲ್ಲೇ ಕೊಟ್ಟ ಸಾಮಾನಿನಲ್ಲಿ ಒಂದು ಸಣ್ಣ ಮಾದರಿ ಕಟ್ಟಬೇಕು. ಮಿಕ್ಕ 120 ಅಂಕ ಕಂಪ್ಯೂಟರ್ ಮುಂದೆ, ಅದಕ್ಕೂ ಒಂದೂವರೆ ಗಂಟೆ. ಪಾಸಾಗಲು ಡ್ರಾಯಿಂಗ್‌ನಲ್ಲಿ 20, ಕಂಪ್ಯೂಟರ್ ಭಾಗದಲ್ಲಿ 30, ಒಟ್ಟು 60 ಬೇಕು. ಒಂದೇ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಸಲ ಬರೆಯಬಹುದು, ಹೆಚ್ಚು ಬಂದ ಅಂಕವೇ ಲೆಕ್ಕಕ್ಕೆ. ಮೊದಲ ಸಲವೇ ಬರೆದುಬಿಡಿ. ಆ ಹಾಲ್‌ನಲ್ಲಿ ಒಮ್ಮೆ ಕೂತು ಎದ್ದು ಬಂದರೆ ಅರ್ಧ ಭಯ ಅಲ್ಲೇ ಬಿಟ್ಟು ಬಂದಿರುತ್ತೀರಿ.

ಇನ್ನು ಡ್ರಾಯಿಂಗ್. 80ಕ್ಕೆ 20 ಅಂದರೆ ನೀವು ಚಿತ್ರಕಾರ ಆಗಿರಲಿ ಅಂತ ಯಾರೂ ಕೇಳ್ತಿಲ್ಲ. ನಾನು ಶಾಲೆಯಲ್ಲಿ ಬಿಡಿಸಿದ ನವಿಲು ಕೋಳಿಯ ಹಾಗೆ ಕಾಣುತ್ತಿತ್ತು, ಸುಳ್ಳಲ್ಲ. ಅವರು ನೋಡುವುದು ಬೇರೆ. ಹತ್ತಿರ ಇರುವುದು ದೊಡ್ಡದಾಗಿ, ದೂರ ಇರುವುದು ಚಿಕ್ಕದಾಗಿ ಬಂದಿದೆಯಾ? ಮನುಷ್ಯ ಬಾಗಿಲಿಗಿಂತ ಎತ್ತರ ಆಗಿಬಿಟ್ಟಿದ್ದಾನಾ? ಬೆಳಕು ಎಲ್ಲಿಂದ ಬರ್ತಿದೆ, ನೆರಳು ಎಲ್ಲಿ ಬಿದ್ದಿದೆ? ಇದು ಕೈಗಿಂತ ಜಾಸ್ತಿ ಕಣ್ಣಿನ ಕೆಲಸ. ಕಣ್ಣನ್ನು ಐದಾರು ತಿಂಗಳಲ್ಲಿ ಪಳಗಿಸಬಹುದು.

ಹೇಗೆ ಅಂತ ಕೇಳಿ. ನಾನು ಮೊದಲು ಕೋಚಿಂಗ್‌ನವರು ಕೊಟ್ಟ ಜೆರಾಕ್ಸ್ ಹಾಳೆಗಳನ್ನು ನೋಡಿ ನೋಡಿ ಅದನ್ನೇ ಬಿಡಿಸುತ್ತಿದ್ದೆ. ವಿದೇಶದ ಬೀದಿ, ಹೆಂಚಿನ ಇಳಿಜಾರು ಚಾವಣಿ, ಒಂದು ದೀಪದ ಕಂಬ. ಏನೂ ತಲೆಗೆ ಹತ್ತಲಿಲ್ಲ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದಾಗ ಸುಮ್ನೆ ಒಂದು ಟೇಪು ಹಿಡಿದು ಮನೆ ಅಳೆಯಲು ಶುರು ಮಾಡಿದೆ. ಮಣ್ಣಿನ ಮಾಳಿಗೆ ಮನೆ. ಗೋಡೆ ಎರಡೂವರೆ ಅಡಿ ದಪ್ಪ. ಪಡಸಾಲೆಯಲ್ಲಿ ಜಂತಿಯಿಂದ ಜಂತಿಗೆ ಒಂದೂವರೆ ಗೇಣು. ಅಡುಗೆಮನೆಯ ಮೇಲೆ ಒಂದು ಬೆಳಕಿಂಡಿ, ಮಳೆ ಬಂದರೆ ಯಾರಾದರೂ ಮೇಲೆ ಹತ್ತಿ ಕಲ್ಲು ಮುಚ್ಚಬೇಕು. 'ಹುಚ್ಚ ಹಿಡಿದೈತೇನೋ ನಿನಗ, ಗ್ವಾಡಿ ಅಳೀತಿ?' ಅಂತ ಅಜ್ಜಿ ಬೈದಳು. ಆದರೆ ಅಳೆದು ಮುಗಿಸಿ ಹಾಳೆ ಮೇಲೆ ಹಾಕಿದಾಗ ಒಂದು ಗೊತ್ತಾಯಿತು. ಬೆಳಗ್ಗೆ ಹತ್ತಕ್ಕೆ ಆ ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ತುಂಡು ಒಲೆಯ ಪಕ್ಕ ಇರುತ್ತೆ, ಮಧ್ಯಾಹ್ನ ನಡುಮನೆಗೆ ಸರಿಯುತ್ತೆ. ಹದಿನೇಳು ವರ್ಷ ಅದೇ ಮನೆಗೆ ಹೋಗಿ ಬಂದಿದ್ದೆ, ಒಂದು ದಿನವೂ ಕಂಡಿರಲಿಲ್ಲ.

ನಿಮಗೆ ರಾಯಚೂರಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇದೆ. ಕೋಟೆಗೆ ಹೋಗಿ. 1294ರ ಶಾಸನ ಇರುವ ಆ ಉದ್ದದ ಕಲ್ಲನ್ನು ನೋಡಿದ್ದೀರಾ? ನಲವತ್ತು ಅಡಿಗೂ ಉದ್ದ ಇದೆ. ಅಂಥ ಕಲ್ಲನ್ನು ಬಂಡಿ ಮೇಲೆ ಹೇರಿ ಎಳೆದು ತಂದದ್ದನ್ನು ಅಲ್ಲೇ ಗೋಡೆಯ ಮೇಲೆ ಗೀಚಿದ್ದಾರೆ. ಸ್ಕೆಚ್ ಬುಕ್ ಹಿಡಿದು ಅದರ ಎದುರು ಕೂತು, ಒಂದು ಕಲ್ಲಿನ ಪಕ್ಕ ಇನ್ನೊಂದು ಕಲ್ಲು ಹೇಗೆ ಕೂತಿದೆ ಅಂತ ಮಾತ್ರ ಬಿಡಿಸಿ. ಗೋಪುರ, ಬೆಟ್ಟ ಏನೂ ಬೇಡ. ಇನ್ನೊಂದು ದಿನ ಬಸ್ ಸ್ಟ್ಯಾಂಡ್‌ನಲ್ಲಿ ಚೀಲದ ಮೇಲೆ ಕೂತು ಬಸ್ಸಿಗೆ ಕಾಯುವವರನ್ನು ಬಿಡಿಸಿ. ಜನ ಇಣುಕಿ ನೋಡ್ತಾರೆ, 'ನಂದೂ ತೆಗಿರಿ' ಅಂತಾರೆ. ನಾಚಿಕೆ ಹೋಗಲಿಕ್ಕೂ ಅದು ಒಳ್ಳೆಯದೇ. ದಿನಕ್ಕೆ ಒಂದು ಹಾಳೆ ಸಾಕು, ರಬ್ಬರ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.

ಈಗ ಕಾಗದಪತ್ರ. ನಮ್ಮ ಭಾಗದವರಿಗೆ ಇದು ನಾಟಾಗಿಂತ ಕಡಿಮೆ ಮುಖ್ಯವೇನಲ್ಲ. ಸಂವಿಧಾನದ 371ಜೆ ವಿಧಿ ಪ್ರಕಾರ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ 70% ಸೀಟು ನಮ್ಮವರಿಗೆ, ರಾಜ್ಯದ ಉಳಿದ ಕಡೆ 8%. ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಬೇಕು. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ 15%, ಕನ್ನಡ ಮಾಧ್ಯಮ ಆಗಿದ್ದರೆ 5%. ಇದಕ್ಕೆ ಶಾಲೆಯಿಂದ ಬರೆಸಿಕೊಂಡು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಮಾಡಿಸಬೇಕು. ಜಾತಿ, ಆದಾಯದ್ದು ತಹಶೀಲ್ದಾರ್ ಕಡೆಯಿಂದ. ಇವನ್ನೆಲ್ಲ ಜನವರಿಯಲ್ಲೇ ಶುರು ಮಾಡಿ. ನನ್ನ ಜೊತೆಗಾರ ಒಬ್ಬ ಮೇ ತಿಂಗಳಲ್ಲಿ ಅರ್ಜಿ ಕೊಟ್ಟ. ಪತ್ರ ಕೈಗೆ ಬರುವಷ್ಟರಲ್ಲಿ ಸೀಟು ಹಂಚಿಕೆಯ ಮೊದಲ ಸುತ್ತು ಮುಗಿದಿತ್ತು. ಅಂಕ ನನಗಿಂತ ಜಾಸ್ತಿ ಇತ್ತು ಅವನಿಗೆ.

ಕಾಲೇಜು ಯಾವುದು ಅಂದರೆ, ಹತ್ತಿರದ್ದು ಕಲಬುರಗಿಯ ಪಿಡಿಎ ಇಂಜಿನಿಯರಿಂಗ್ ಕಾಲೇಜು, ಅಲ್ಲಿ ಆರ್ಕಿಟೆಕ್ಚರ್ ವಿಭಾಗ ಇದೆ. ರಾಯಚೂರಿನಲ್ಲಿ ರೈಲು ಹತ್ತಿದರೆ ನೇರ ಅಲ್ಲೇ ಇಳಿಯಬಹುದು. ಯೂನಿವರ್ಸಿಟಿಯದೇ ಬೇಕು ಅಂದರೆ ಮೈಸೂರು ವಿಶ್ವವಿದ್ಯಾಲಯದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಇದೆ, ಬೆಂಗಳೂರಿನ ಯುವಿಸಿಇ (ಯೂನಿವರ್ಸಿಟಿ ವಿಶ್ವೇಶ್ವರಯ್ಯ ಕಾಲೇಜ್ ಆಫ್ ಇಂಜಿನಿಯರಿಂಗ್) ಇದೆ. ಹುಬ್ಬಳ್ಳಿಯ ಕೆಎಲ್‌ಇ ಟೆಕ್‌ನಲ್ಲೂ ಇದೆ. ಮ್ಯಾಥ್ಸ್ ಗಟ್ಟಿ ಇದ್ದರೆ ಜೆಇಇ ಮೇನ್ ಪೇಪರ್ 2 ಕೂಡ ಬರೆಯಿರಿ. ವಿಜಯವಾಡ, ಭೋಪಾಲ್, ದೆಹಲಿಯ ಎಸ್‌ಪಿಎಗಳಿಗೆ (ಕೇಂದ್ರ ಸರ್ಕಾರದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳಿಗೆ), ಎನ್‌ಐಟಿಗಳಿಗೆ ಅದೇ ದಾರಿ. ಸೇರುವ ಮುಂಚೆ ಆ ಕಾಲೇಜಿಗೆ ಆ ವರ್ಷ ಕೌನ್ಸಿಲ್ ಅನುಮತಿ ಇದೆಯಾ ಅಂತ ಕೌನ್ಸಿಲ್ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಅನುಮತಿ ಇಲ್ಲದ ಕಡೆ ಓದಿದರೆ ಆಮೇಲೆ ಆರ್ಕಿಟೆಕ್ಟ್ ಅಂತ ನೋಂದಣಿ ಆಗಲ್ಲ. ನೋಂದಣಿ ಇಲ್ಲದೆ ಆ ಹೆಸರು ಹಾಕಿಕೊಳ್ಳುವಂತಿಲ್ಲ, 1972ರ ಕಾಯ್ದೆ ಇದೆ.

ಓದು ಐದು ವರ್ಷ, ಹತ್ತು ಸೆಮಿಸ್ಟರ್. ಡಿಸೈನ್ ಹೆಚ್ಚುಕಡಿಮೆ ಪ್ರತಿ ಸೆಮಿಸ್ಟರ್‌ನಲ್ಲೂ ಇರುತ್ತೆ, ಅದೇ ಮುಖ್ಯ. ಅದರ ಸುತ್ತ ಕಟ್ಟಡ ಸಾಮಗ್ರಿ, ಸ್ಟ್ರಕ್ಚರ್ಸ್, ಹವಾಮಾನ, ಇತಿಹಾಸ, ಸರ್ವೆ, ನೀರು-ಕರೆಂಟಿನ ವ್ಯವಸ್ಥೆ, ಎಸ್ಟಿಮೇಷನ್ (ಖರ್ಚಿನ ಅಂದಾಜು). ಕೊನೆಕೊನೆಗೆ ಒಂದು ಸೆಮಿಸ್ಟರ್ ಯಾವುದಾದರೂ ಆಫೀಸಿನಲ್ಲಿ ಕೆಲಸ, ಹತ್ತನೆಯದರಲ್ಲಿ ಥೀಸಿಸ್, ಅಂದರೆ ಕೊನೆಯ ದೊಡ್ಡ ಪ್ರಾಜೆಕ್ಟ್. ಇತಿಹಾಸದ ಕ್ಲಾಸಿನಲ್ಲಿ ಇಟಗಿಯ ಮಹಾದೇವ ದೇವಸ್ಥಾನ ಬಂದಾಗ ಕೊಪ್ಪಳದ ಹುಡುಗ ಅಂತ ನನ್ನನ್ನೇ ಎಬ್ಬಿಸಿ ನಿಲ್ಲಿಸಿದರು. 1112ರದ್ದು ಅನ್ನುವುದು ಬಿಟ್ಟರೆ ನನಗೆ ಏನೂ ಗೊತ್ತಿರಲಿಲ್ಲ. ಆ ಭಾನುವಾರವೇ ಊರಿಗೆ ಬಂದು ಇಟಗಿಗೆ ಹೋದೆ.

ಪುಸ್ತಕಕ್ಕಿಂತ ಜೂರಿ ದೊಡ್ಡದು. ಅಂದರೆ ನೀವು ಮಾಡಿದ ಡಿಸೈನ್ ಶೀಟುಗಳನ್ನು ಗೋಡೆಗೆ ಅಂಟಿಸಿ, ಮಾಡೆಲ್ ಮುಂದಿಟ್ಟು, ಮೇಷ್ಟ್ರುಗಳ ಎದುರು ನಿಂತು ವಿವರಿಸಬೇಕು. ನನ್ನ ಮೊದಲ ಮನೆ ಡಿಸೈನ್ ಜೂರಿಗೆ ಎರಡು ರಾತ್ರಿ ನಿದ್ದೆಗೆಟ್ಟು ಪಶ್ಚಿಮಕ್ಕೆ ನೆಲದಿಂದ ಸೂರಿನವರೆಗೆ ಗಾಜು ಇಟ್ಟ ಮನೆ ಮಾಡಿದ್ದೆ. ಇಂಟರ್‌ನೆಟ್‌ನಲ್ಲಿ ಕಂಡದ್ದು. ಹೊರಗಿನಿಂದ ಬಂದಿದ್ದ ಹಿರಿಯ ಆರ್ಕಿಟೆಕ್ಟ್ ಒಬ್ಬರು ಶೀಟನ್ನು ಸರಿಯಾಗಿ ನೋಡಲೂ ಇಲ್ಲ. 'ಸೈಟ್ ಎಲ್ಲಿ?' ಅಂದರು. 'ಬಳ್ಳಾರಿ ಸರ್.' 'ಮೇ ತಿಂಗಳಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಈ ಸೋಫಾದ ಮೇಲೆ ಯಾರು ಕೂರ್ತಾರೆ? ನೀನಾ?' ಅಷ್ಟೇ. ನಾನು ಮಾಡೆಲ್ ಎತ್ತಿಕೊಂಡು ಹೊರಗೆ ಬಂದೆ. ಎರಡೂವರೆ ಅಡಿ ಗೋಡೆಯ ಮನೆಯಲ್ಲಿ ಬೇಸಿಗೆ ಕಳೆದವನು ನಾನು, ಅದನ್ನು ಅಳೆದೂ ಇದ್ದೆ. ಆದರೂ ಗಾಜು ಇಟ್ಟಿದ್ದೆ.

ಕನ್ನಡ ಮಾಧ್ಯಮದಿಂದ ಬಂದರೆ ಜೂರಿಯಲ್ಲಿ ಇಂಗ್ಲಿಷ್ ಕಷ್ಟ ಅಲ್ವಾ ಅಂತ ಕೆಲವರು ಕೇಳ್ತಾರೆ. ಮೊದಲ ವರ್ಷ ಕಷ್ಟವೇ. ನಾನು ನಾಲ್ಕು ಸಾಲು ಬಾಯಿಪಾಠ ಮಾಡಿಕೊಂಡು ಹೋಗಿ ಐದನೇ ಸಾಲಿಗೆ ಕನ್ನಡಕ್ಕೆ ಜಾರುತ್ತಿದ್ದೆ. ಶೀಟಿನಲ್ಲಿ ಕೆಲಸ ಕಂಡರೆ ಮೇಷ್ಟ್ರುಗಳು ಭಾಷೆಗೆ ಅಷ್ಟು ತಲೆ ಕೆಡಿಸಿಕೊಳ್ಳಲ್ಲ. ಶೀಟ್ ಖಾಲಿ ಇಟ್ಟು ಚೆಂದ ಇಂಗ್ಲಿಷ್ ಮಾತಾಡಿದವರು ನನಗಿಂತ ಜಾಸ್ತಿ ಬೈಸಿಕೊಂಡಿದ್ದಾರೆ.

ಮನೆಯಲ್ಲಿ 'ಸಿವಿಲ್ ಮಾಡು, ಅದೂ ಮನೆ ಕಟ್ಟೋದೇ ಅಲ್ಲೇನು' ಅಂತಾರೆ ಅಂತ ಬರೆದಿದ್ದೀರಿ. ನಮ್ಮಪ್ಪನೂ ಅದನ್ನೇ ಅಂದಿದ್ದರು. ಸಿವಿಲ್‌ನವರು ಕಟ್ಟಡ ಬೀಳದ ಹಾಗೆ ನೋಡ್ತಾರೆ. ಅದರೊಳಗೆ ಬದುಕುವವರಿಗೆ ಗಾಳಿ, ಬೆಳಕು, ಓಡಾಟ ಹೇಗೆ ಅಂತ ನೋಡುವುದು ನಮ್ಮ ಕೆಲಸ. ಇಬ್ಬರೂ ಬೇಕು. ಆದರೆ ದುಡ್ಡಿನ ವಿಷಯ ಮುಚ್ಚಿಡಲ್ಲ. ಮೊದಲ ಎರಡು ಮೂರು ವರ್ಷ ಸಂಬಳ ಕಡಿಮೆ, ಸಾಫ್ಟ್‌ವೇರ್‌ಗೆ ಹೋದ ಗೆಳೆಯರ ಜೊತೆ ಹೋಲಿಸಿದರೆ ಹೊಟ್ಟೆ ಉರಿಯುತ್ತೆ. ಸ್ವಂತ ಆಫೀಸು ಹಾಕಿದರೆ ನಮ್ಮೂರುಗಳಲ್ಲಿ 'ಪ್ಲಾನ್ ಅಂದ್ರೆ ಎರಡು ಹಾಳೆ, ಅದಕ್ಕೆ ಇಷ್ಟು ದುಡ್ಡಾ' ಅನ್ನುವವರಿಗೆ ಉತ್ತರ ಕೊಡುವುದೇ ಅರ್ಧ ಕೆಲಸ. ಉಳಿದರ್ಧ ವಾಸ್ತು. ಈಶಾನ್ಯಕ್ಕೆ ದೇವರು, ಆಗ್ನೇಯಕ್ಕೆ ಒಲೆ ಇಟ್ಟ ಮೇಲೆ ಮಿಕ್ಕ ಜಾಗದಲ್ಲಿ ನಿಮ್ಮ ಕಲೆ ತೋರಿಸಬಹುದು.

ಫೀಸಿನ ಹೊರಗೆ ಖರ್ಚು ಇದೆ ಅನ್ನುವುದನ್ನು ಮನೆಯಲ್ಲಿ ಮೊದಲೇ ಹೇಳಿಬಿಡಿ. ಶೀಟು, ಬಟರ್ ಪೇಪರ್, ಮೌಂಟ್ ಬೋರ್ಡ್, ಕಟರ್, ಫೆವಿಕಾಲ್, ಪ್ರಿಂಟು. ಪ್ರತಿ ಸಬ್ಮಿಷನ್‌ಗೂ ಜೇಬು ಖಾಲಿ. ಲ್ಯಾಪ್‌ಟಾಪ್ ಮಾತ್ರ ಈಗಲೇ ಕೊಳ್ಳಬೇಡಿ. ಮೊದಲ ವರ್ಷ ಹೆಚ್ಚಿನ ಕೆಲಸ ಕೈಯಲ್ಲೇ, ಆಟೋಕ್ಯಾಡ್, ಸ್ಕೆಚ್‌ಅಪ್ ಎಲ್ಲ ಆಮೇಲೆ ಬರುತ್ತೆ. ಅಷ್ಟರಲ್ಲಿ ಸೀನಿಯರ್‌ಗಳನ್ನು ಕೇಳಿ ಯಾವ ಗ್ರಾಫಿಕ್ಸ್ ಕಾರ್ಡ್ ಬೇಕು ಅಂತ ತಿಳಿದುಕೊಂಡು ತೆಗೆದುಕೊಳ್ಳಿ. ಡ್ರಾಫ್ಟರ್ (ಅಳತೆಗೆ ಗೆರೆ ಎಳೆಯುವ ಸಾಧನ) ಹೊಸದು ಬೇಡ, ಪಾಸಾಗಿ ಹೋಗುವವರು ಅರ್ಧ ಬೆಲೆಗೆ ಕೊಟ್ಟು ಹೋಗ್ತಾರೆ.