ಒಣ ಆಹಾರ ಮುಟ್ಟದ ಮೀನಿಗೆ ಜೀವಂತ ಆಹಾರದ ಫೀಡರ್: ಮನೆಯಲ್ಲೇ ಮಾಡಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಹೀಗೆ. 60 ಲೀಟರ್ ಟ್ಯಾಂಕ್, ಅದರಲ್ಲಿ ಸ್ಕಾರ್ಲೆಟ್ ಬಾಡಿಸ್ ಅನ್ನುವ ಪುಟ್ಟ ಮೀನು ನಾಲ್ಕು, ಜೊತೆಗೆ ಒಂದಷ್ಟು ಟೆಟ್ರಾ ಮೀನು. ಬಾಡಿಸ್ ಒಣ ಆಹಾರದ ಕಡೆ ತಿರುಗಿಯೂ ನೋಡುವುದಿಲ್ಲ. ಜೀವಂತ ಆಹಾರ ಹಾಕಿದರೆ ಅವು ಬರುವಷ್ಟರಲ್ಲಿ ಟೆಟ್ರಾಗಳು ಎಲ್ಲ ಖಾಲಿ ಮಾಡಿರುತ್ತವೆ. ನೀವು ಬೆಳಿಗ್ಗೆ ಹೋದರೆ ಬರುವುದು ಸಂಜೆ. ನೀವಿಲ್ಲದ ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಜೀವಂತ ಆಹಾರ ಬಿಡುವ ಫೀಡರ್ ಬೇಕು, ಅಂಗಡಿಯ ಒಣ ಆಹಾರದ ಫೀಡರ್ ಕೆಲಸಕ್ಕೆ ಬರಲಿಲ್ಲ, ಅಲ್ವಾ?

ಮಾಡಬಹುದು. ನಾನು ಮೂರು ತರಹ ಮಾಡಿ ನೋಡಿದ್ದೇನೆ. ಮೊದಲೆರಡು ಕೈಕೊಟ್ಟವು, ಮೂರನೆಯದು ಈಗಲೂ ಓಡುತ್ತಿದೆ. ಕೈಕೊಟ್ಟವುಗಳ ಕಥೆಯನ್ನೂ ಹೇಳುತ್ತೇನೆ, ಯಾಕಂದರೆ ಎಲ್ಲರ ತಲೆಗೂ ಮೊದಲು ಹೊಳೆಯುವುದು ಅವೇ.

ಅದಕ್ಕೂ ಮೊದಲು ಒಂದು ವಿಷಯ ನೋಡಿಕೊಳ್ಳಿ. ಜೀವಂತ ಆಹಾರ ಕಣ್ಣೆದುರಿಗೇ ಓಡಾಡಿದರೂ ಮೀನು ತಿನ್ನುತ್ತಿಲ್ಲ ಅಂದರೆ ಅದು ಹಟ ಅಲ್ಲ, ಕಾಯಿಲೆ ಇರಬಹುದು, ನೀರು ಕೆಟ್ಟಿರಬಹುದು, ಅಥವಾ ಇನ್ನೊಂದು ಮೀನು ಅದನ್ನು ಮೂಲೆಗೆ ತಳ್ಳಿರಬಹುದು. ಅಮೋನಿಯಾ ಟೆಸ್ಟ್ ಮಾಡಿ, ಹತ್ತು ನಿಮಿಷ ಸುಮ್ನೆ ಕೂತು ನೋಡಿ. ಫೀಡರ್ ಆಮೇಲೆ. ಇನ್ನು ಬಾಡಿಸ್‌ಗೆ ಜಂಬ ಅಂತ ಅನೇಕರು ಬೈಯುತ್ತಾರೆ, ನನಗೆ ಹಾಗನ್ನಿಸುವುದಿಲ್ಲ. ಎರಡು ಸೆಂಟಿಮೀಟರ್ ಮೀನು ಅದು. ಅಲುಗಾಡುವುದು ಮಾತ್ರ ಅದಕ್ಕೆ ಊಟ. ಮೊದಲು ನೋಡುತ್ತದೆ, ಹತ್ತಿರ ಬರುತ್ತದೆ, ನಿಲ್ಲುತ್ತದೆ, ಇನ್ನೊಮ್ಮೆ ನೋಡುತ್ತದೆ, ಆಮೇಲೆ ಬಾಯಿ ಹಾಕುತ್ತದೆ. ಇಷ್ಟು ನಿಧಾನದ ಗಿರಾಕಿಗೆ ಒಂದೇ ಸಲ ರಾಶಿ ಸುರಿದರೆ ಉಪಯೋಗವಿಲ್ಲ. ಗಂಟೆಗೊಂದು ತುತ್ತು ಅದರ ಮೂಗಿನ ಮುಂದೆ ಬೀಳಬೇಕು.

ಆಹಾರಕ್ಕೆ ನಾನು ಹೇಳುವುದು ಬ್ರೈನ್ ಶ್ರಿಂಪ್ ಮರಿ, ಅಂದರೆ ಆರ್ಟೀಮಿಯಾ ಅನ್ನುವ ಉಪ್ಪುನೀರಿನ ಸಣ್ಣ ಜೀವಿಯ ಮರಿ. ಅರ್ಧ ಮಿಲಿಮೀಟರ್‌ಗಿಂತ ದೊಡ್ಡದಿರುವುದಿಲ್ಲ, ಬಾಡಿಸ್ ಬಾಯಿಗೆ ಅಳತೆ ಮಾಡಿದ ಹಾಗಿರುತ್ತದೆ. ಪ್ಯಾಕೆಟ್ಟಿನ ಒಣ ಮೊಟ್ಟೆಯನ್ನು ಬಾಟಲಿಯಲ್ಲಿ ಒಡೆಸುವುದು ಹೀಗೆ: ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಚಿಟಿಕೆ ಅಡುಗೆ ಸೋಡಾ, 26ರಿಂದ 28 ಡಿಗ್ರಿ ಬಿಸಿ, ಮೇಲೊಂದು ಲೈಟ್, ಏರ್ ಪಂಪಿನಿಂದ ಜೋರಾಗಿ ಗಾಳಿ. ಪೈಪಿನ ತುದಿಗೆ ಏರ್ ಸ್ಟೋನ್ (ಗುಳ್ಳೆ ಬಿಡುವ ಕಲ್ಲು) ಹಾಕಬೇಡಿ. ಸಣ್ಣ ಗುಳ್ಳೆ ಬಂದು ನೊರೆ ಏಳುತ್ತದೆ, ಮೊಟ್ಟೆಗಳೆಲ್ಲ ಬಾಟಲಿಯ ಗೋಡೆಗೆ ಮೆತ್ತಿಕೊಂಡು ಒಣಗುತ್ತವೆ. ಬರೀ ಪೈಪು ಸಾಕು. ಸುಮಾರು 24 ಗಂಟೆಗೆ ಮರಿ ಒಡೆಯುತ್ತದೆ, ತಣ್ಣಗಿದ್ದರೆ 36 ಗಂಟೆ ಹಿಡಿಯಬಹುದು. ಮೊಟ್ಟೆ ಎಷ್ಟು ಅಂದರೆ, ನಾಲ್ಕು ಬಾಡಿಸ್‌ಗೆ ಒಂದು ಸಣ್ಣ ಚಿಟಿಕೆ. ಪ್ಯಾಕೆಟ್ ಮೇಲೆ ಬರೆದಷ್ಟು ಹಾಕಿದರೆ ಕೆರೆ ತುಂಬುವಷ್ಟು ಮರಿ ಬರುತ್ತದೆ. ಒಂದು ಗ್ರಾಂ ಒಳ್ಳೆಯ ಮೊಟ್ಟೆಯಿಂದ ಎರಡು ಲಕ್ಷದ ಆಸುಪಾಸು ಮರಿ ಹುಟ್ಟುತ್ತವೆ.

ಮರಿ ಒಡೆದ ಮೇಲೆ ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಖಾಲಿ ಸಿಪ್ಪೆ ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತಳಕ್ಕೆ ಕೂರುತ್ತದೆ. ಬಾಟಲಿಯ ಒಂದು ಪಕ್ಕಕ್ಕೆ ಟಾರ್ಚ್ ಹಿಡಿದರೆ ಮರಿಗಳು ಬೆಳಕಿನ ಹತ್ತಿರ ಕಿತ್ತಳೆ ಬಣ್ಣದ ಮೋಡದ ಹಾಗೆ ಸೇರುತ್ತವೆ. ಅಲ್ಲಿಂದ ಮಾತ್ರ ಪೈಪಿನಲ್ಲಿ ಎಳೆದು, ತೆಳು ಕರವಸ್ತ್ರದಲ್ಲಿ ಸೋಸಿ. ಈ ಕೆಲಸದಲ್ಲಿ ಸೋಮಾರಿತನ ಮಾಡಬೇಡಿ. ಸಿಪ್ಪೆ ಅರಗುವುದಿಲ್ಲ, ಸಣ್ಣ ಮೀನಿನ ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತದೆ.

ಈಗ ಫೀಡರ್.

ನಾನು ಮೊದಲು ಮಾಡಿದ್ದು ಗ್ಲೂಕೋಸ್ ಡ್ರಿಪ್ಪು. ಹೊಸ ಡ್ರಿಪ್ ಸೆಟ್ ತಂದು, ಮರಿ ತುಂಬಿದ ಬಾಟಲಿಗೆ ಸಿಕ್ಕಿಸಿ, ಗಾಲಿ ತಿರುಗಿಸಿ ಹನಿ ಎಣಿಸಿ ಹೆಮ್ಮೆಯಿಂದ ಕೆಲಸಕ್ಕೆ ಹೋದೆ. ಸಂಜೆ ಬಂದು ನೋಡಿದರೆ ಬಾಟಲಿ ಖಾಲಿ, ಬಾಡಿಸ್ ಹೊಟ್ಟೆಯೂ ಖಾಲಿ. ಮರಿಗಳು ಎಲ್ಲಿ ಹೋದವು? ಹನಿ ಬೀಳುವ ಆ ಚಿಕ್ಕ ಕೊಳವೆಯ ತಳದಲ್ಲಿ ಒಂದು ಬಿಲ್ಲೆಯಷ್ಟು ಜಾಲರಿ ಇರುತ್ತದೆ, ರಕ್ತನಾಳಕ್ಕೆ ಕಸ ಹೋಗದಿರಲಿ ಅಂತ. ಸಾಮಾನ್ಯವಾಗಿ ಅದರ ಕಣ್ಣು 15 ಮೈಕ್ರಾನ್. ನಮ್ಮ ಮರಿ 400 ಮೈಕ್ರಾನ್‌ಗೂ ಮೇಲೆ. ಇಡೀ ದಿನದ ಊಟ ಆ ಜಾಲರಿಯ ಮೇಲೆ ಕೇಸರಿ ಚಟ್ನಿಯ ಹಾಗೆ ಕೂತಿತ್ತು.

ಸರಿ, ಜಾಲರಿಯೇ ಬೇಡ ಅಂತ ಮಾಮೂಲಿ ಏರ್ ಪೈಪ್ ತಗೊಂಡು, ಮಧ್ಯದಲ್ಲಿ ಸಡಿಲವಾಗಿ ಒಂದು ಗಂಟು ಹಾಕಿ, ಗಂಟು ಬಿಗಿದು ಹನಿ ಹೊಂದಿಸಿದೆ. ಹೊಸ ಮೀನನ್ನು ನೀರಿಗೆ ಒಗ್ಗಿಸುವಾಗ ಮಾಡುತ್ತೇವಲ್ಲ, ಅದೇ ಉಪಾಯ. ಆರು ಸೆಕೆಂಡಿಗೆ ಒಂದು ಹನಿ. ನೀರು ಚೆನ್ನಾಗಿ ಬಂತು, ಮರಿ ಬರಲಿಲ್ಲ. ಕೂತು ನೋಡಿದಾಗ ಗೊತ್ತಾಯಿತು: ಇಷ್ಟು ನಿಧಾನವಾಗಿ ಹನಿ ಬಿದ್ದರೆ ಪೈಪಿನೊಳಗೆ ನೀರು ಸೆಕೆಂಡಿಗೆ ಒಂದು ಮಿಲಿಮೀಟರ್ ಕೂಡ ಸರಿಯುವುದಿಲ್ಲ. ಮರಿ ಅದಕ್ಕಿಂತ ಜೋರಾಗಿ ಈಜುತ್ತದೆ. ಮೇಲೆ ಕಿಟಕಿಯ ಬೆಳಕು, ಪೈಪು ಪಾರದರ್ಶಕ, ಅವು ಆರಾಮಾಗಿ ಎದುರೀಜಿಕೊಂಡು ಬಾಟಲಿಗೇ ವಾಪಸ್! ಹನಿ ಜಾಸ್ತಿ ಮಾಡಿದರೆ ಮರಿ ಬರುತ್ತವೆ, ಆದರೆ ಗಂಟೆಯೊಳಗೆ ಬಾಟಲಿ ಮುಗಿಯುತ್ತದೆ.

ಅಲ್ಲಿಗೆ ತಲೆಗೆ ಬಂದಿದ್ದು ಇದು. ಸದಾ ಹನಿಸುವುದು ಬೇಡ, ಗಂಟೆಗೊಮ್ಮೆ ಒಂದು ಗುಟುಕು ತಳ್ಳಿದರೆ ಸಾಕು. ತಳ್ಳುವುದಕ್ಕೆ ಏರ್ ಪಂಪ್ ಇದೆ.

ಒಂದು ಅರ್ಧ ಲೀಟರ್ ಗಟ್ಟಿ ಬಾಟಲಿ ತಗೊಳ್ಳಿ. ಮೆತ್ತನೆಯದು ಬೇಡ, ಗಾಳಿಗೆ ಉಬ್ಬುತ್ತದೆ. ಮುಚ್ಚಳದಲ್ಲಿ ಎರಡು ತೂತು, ಪೈಪಿಗಿಂತ ಕೂದಲೆಳೆಯಷ್ಟು ಚಿಕ್ಕದು. ಪೈಪಿನ ತುದಿಯನ್ನು ಓರೆಯಾಗಿ ಕತ್ತರಿಸಿ ತೂತಿನಿಂದ ಎಳೆದರೆ ಬಿಗಿಯಾಗಿ ಕೂರುತ್ತದೆ, ಆಮೇಲೆ ಸುತ್ತ ಸಿಲಿಕೋನ್ ಹಚ್ಚಿ ಒಂದು ದಿನ ಒಣಗಲು ಬಿಡಿ. ಒಂದು ಪೈಪು ಗಾಳಿಗೆ, ಅದು ತಳ ಮುಟ್ಟಲಿ. ಇನ್ನೊಂದು ನೀರು ಹೊರಗೆ ಹೋಗಲು, ಅದರ ಬಾಯಿ ತಳದಿಂದ ಒಂದು ಸೆಂಟಿಮೀಟರ್ ಮೇಲಿರಲಿ. ಪಂಪ್ ಓಡಿದಾಗ ಗಾಳಿ ತಳದಿಂದ ಗುಳ್ಳೆಯಾಗಿ ಏಳುತ್ತದೆ, ಮರಿಗಳನ್ನು ಕಲಕುತ್ತದೆ. ಮುಚ್ಚಳ ಬಿಗಿ ಇರುವುದರಿಂದ ಒತ್ತಡ ಹೆಚ್ಚಾಗಿ ನೀರು ಇನ್ನೊಂದು ಪೈಪಿನಲ್ಲಿ ಏರಿ ಟ್ಯಾಂಕಿಗೆ ಬೀಳುತ್ತದೆ. ಪಂಪ್ ನಿಂತರೆ ಪೈಪಿನಲ್ಲಿದ್ದ ನೀರು ಸ್ವಲ್ಪ ಕೆಳಗಿಳಿದು, ಟ್ಯಾಂಕಿಗೆ ಬೀಳುವುದು ನಿಲ್ಲುತ್ತದೆ.

ಬಾಟಲಿ ಎಲ್ಲಿಡುತ್ತೀರಿ ಅನ್ನುವುದರಲ್ಲಿ ತಪ್ಪಿದರೆ ನೆಲ ಒರೆಸಬೇಕಾಗುತ್ತದೆ, ಇದು ಅನುಭವದ ಮಾತು. ಬಾಟಲಿ ಟ್ಯಾಂಕಿನ ಪಕ್ಕ ಅದೇ ಮೇಜಿನ ಮೇಲೆ ಇರಲಿ, ಹೊರಪೈಪಿನ ತುದಿ ಬಾಟಲಿಯ ನೀರಿಗಿಂತ ಮೇಲಿರಲಿ, ಟ್ಯಾಂಕಿನ ನೀರನ್ನು ಮುಟ್ಟದೆ ಗಾಳಿಯಲ್ಲಿ ನೇತಾಡಲಿ. ಬಾಟಲಿ ಮೇಲಿದ್ದರೆ ಪಂಪ್ ನಿಂತ ಮೇಲೂ ಬಾಟಲಿ ಪೂರ್ತಿ ಖಾಲಿಯಾಗುತ್ತದೆ. ಪೈಪಿನ ತುದಿ ನೀರಲ್ಲಿ ಮುಳುಗಿದ್ದರೆ ಟ್ಯಾಂಕೇ ಬಾಟಲಿಯ ಕಡೆ ಹರಿದು ಬರುತ್ತದೆ.

ಇನ್ನೊಂದು, ಪಂಪಿನ ಗಾಳಿ ಪೂರ್ತಿ ಬಾಟಲಿಗೆ ಹೋದರೆ ಅರ್ಧ ನಿಮಿಷದಲ್ಲಿ ಎಲ್ಲವನ್ನೂ ಉಗಿದುಬಿಡುತ್ತದೆ. ಅದಕ್ಕೆ ಪಂಪಿನಿಂದ ಬರುವ ಪೈಪಿಗೆ ಮೊದಲು ಚೆಕ್ ವಾಲ್ವ್ (ಹಿಂದಕ್ಕೆ ಹರಿಯದಂತೆ ತಡೆಯುವುದು), ಆಮೇಲೆ ಒಂದು ಟಿ (ಮೂರು ಬಾಯಿಯ ಜೋಡಣೆ), ಟಿಯ ಒಂದು ಕೈಗೆ ಗಾಳಿ ಬಿಡುವ ಚಿಕ್ಕ ವಾಲ್ವ್, ಇನ್ನೊಂದು ಕೈ ಬಾಟಲಿಗೆ. ಟಿ ಹೊರಪೈಪಿನ ತುದಿಗಿಂತಲೂ ಎತ್ತರದಲ್ಲಿರಲಿ. ಹೆಚ್ಚಿನ ಗಾಳಿ ಆ ವಾಲ್ವ್‌ನಲ್ಲಿ ಆಚೆ ಹೋಗಬೇಕು. ಈ ವಾಲ್ವನ್ನು ಪೂರ್ತಿ ಮುಚ್ಚಲೇಬೇಡಿ, ಪಂಪ್ ನಿಂತಾಗ ಬಾಟಲಿಯ ಒತ್ತಡ ಇಳಿಯುವುದೂ ಇಲ್ಲಿಂದಲೇ. ಪಂಪನ್ನು ನಿಮಿಷದ ಲೆಕ್ಕದಲ್ಲಿ ಸೆಟ್ ಮಾಡಬಹುದಾದ ಡಿಜಿಟಲ್ ಟೈಮರ್‌ಗೆ ಹಾಕಿ. ಹದಿನೈದು ನಿಮಿಷದ ಹಲ್ಲಿರುವ ತಿರುಗುವ ಟೈಮರ್ ಇದಕ್ಕೆ ಬೇಡ.

ಹೊಂದಿಸುವಾಗ ಟ್ಯಾಂಕಿಗೆ ಬಿಡಬೇಡಿ. ಬಾಟಲಿಗೆ ಸಾದಾ ನೀರು ಹಾಕಿ, ಹೊರಪೈಪಿನ ತುದಿಯನ್ನು ಅದೇ ಎತ್ತರದಲ್ಲಿ ಒಂದು ಲೋಟಕ್ಕೆ ಬಿಟ್ಟು, ಒಂದು ನಿಮಿಷ ಓಡಿಸಿ, ಬಂದಷ್ಟನ್ನು ಸಿರಿಂಜಿನಲ್ಲಿ ಅಳೆಯಿರಿ. 25 ಮಿಲಿ ಆಸುಪಾಸು ಬರುವ ತನಕ ವಾಲ್ವ್ ತಿರುಗಿಸಿ. ಗಂಟೆಗೊಂದು ನಿಮಿಷದಂತೆ ಎಂಟು ಸಲ ಓಡಿದರೆ 200 ಮಿಲಿ. ಬಾಟಲಿ ಖಾಲಿಯಾಗುತ್ತಾ ಹೋದ ಹಾಗೆ ಕೊನೆಕೊನೆಯ ಗುಟುಕುಗಳು ಸ್ವಲ್ಪ ಕಮ್ಮಿಯಾಗುತ್ತವೆ, ಒಳಗಿನ ಗಾಳಿ ಜಾಸ್ತಿಯಾಗಿ ಅದನ್ನು ಒತ್ತುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದಲ್ಲ, ಅದಕ್ಕೆ. ನಾನು ತಲೆ ಕೆಡಿಸಿಕೊಂಡಿಲ್ಲ.

ಉಪ್ಪಿನ ಲೆಕ್ಕ ಕೇಳೇ ಕೇಳುತ್ತೀರಿ. ಮರಿ ಸಿಹಿನೀರಿನಲ್ಲಿ ಕೆಲವೇ ಗಂಟೆ ಬದುಕುತ್ತದೆ, ಹಾಗಾಗಿ ಬಾಟಲಿಯಲ್ಲಿ ಉಪ್ಪು ಬೇಕೇ ಬೇಕು. ಆದರೆ ಮರಿ ಒಡೆಸುವಾಗ ಹಾಕಿದಷ್ಟು ಉಪ್ಪು ಬೇಡ, ಲೀಟರಿಗೆ 10 ಗ್ರಾಂ ಸಾಕು. 200 ಮಿಲಿಗೆ 2 ಗ್ರಾಂ. ವಾರಕ್ಕೆ 14 ಗ್ರಾಂ ನಿಮ್ಮ 60 ಲೀಟರಿಗೆ ಸೇರುತ್ತದೆ. ವಾರಕ್ಕೊಮ್ಮೆ ಮೂವತ್ತು ಪರ್ಸೆಂಟ್ ನೀರು ಬದಲಿಸಿದರೆ ಎಷ್ಟು ತಿಂಗಳಾದರೂ ಲೀಟರಿಗೆ ಒಂದು ಗ್ರಾಂ ದಾಟುವುದಿಲ್ಲ. ನೀರು ಬದಲಿಸುವುದನ್ನು ಮರೆಯುವವರಾದರೆ ಈ ಫೀಡರ್ ನಿಮಗಲ್ಲ.

ಬಾಟಲಿಗೆ ಕಪ್ಪು ಕಾಗದ ಸುತ್ತಿ, ಹೊರಪೈಪಿನ ಬಾಯಿ ಇರುವಲ್ಲಿ ಮಾತ್ರ ಬೆರಳಗಲ ಕಿಟಕಿ ಬಿಡಿ. ಬೆಳಕು ಹುಡುಕಿಕೊಂಡು ಮರಿಗಳು ತಾವೇ ಅಲ್ಲಿ ಬಂದು ಸೇರುತ್ತವೆ. ಎದುರೀಜಿ ನನ್ನನ್ನು ಸೋಲಿಸಿದ ಬುದ್ಧಿಯನ್ನೇ ಇಲ್ಲಿ ದುಡಿಸಿಕೊಂಡಿದ್ದು.

ಇನ್ನು ಟೆಟ್ರಾಗಳ ಕಾಟ. ಪೈಪಿನ ತುದಿಯನ್ನು ಸುಮ್ನೆ ಮೇಲಿಂದ ಬಿಟ್ಟರೆ ಎರಡೇ ದಿನದಲ್ಲಿ ಅವು ಪಂಪಿನ ಸದ್ದು ಕಲಿತು ಸಾಲಾಗಿ ಬಂದು ನಿಲ್ಲುತ್ತವೆ. ಒಂದು ಪಾರದರ್ಶಕ ಕೊಳವೆಯನ್ನು ಟ್ಯಾಂಕಿನ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ, ಮೇಲಿನ ಬಾಯಿ ನೀರಿನ ಮೇಲೆ, ಕೆಳಗಿನ ಬಾಯಿ ಮರಳಿನಿಂದ ಎರಡು ಬೆರಳು ಎತ್ತರದಲ್ಲಿ, ಗಿಡಗಳ ಮಧ್ಯೆ. ಉಪ್ಪುನೀರು ಸಿಹಿನೀರಿಗಿಂತ ಭಾರ, ಹಾಗಾಗಿ ಮರಿಗಳನ್ನು ಹೊತ್ತುಕೊಂಡು ತಾನಾಗಿಯೇ ಕೆಳಗಿಳಿಯುತ್ತದೆ. ಮೊದಲ ಸಲ ನೋಡಿದಾಗ ನನಗೇ ಆಶ್ಚರ್ಯ, ಕೊಳವೆಯೊಳಗೆ ಬಿಸಿಲಿಗೆ ನಡುಗುವ ಗಾಳಿಯಂತೆ ಒಂದು ಎಳೆ ಇಳಿಯುತ್ತದೆ, ಅದರೊಳಗೆ ಕಿತ್ತಳೆ ಚುಕ್ಕಿಗಳು. ಬಾಡಿಸ್ ಗಂಡು ಆ ಬಾಯಿಯ ಹತ್ತಿರದ ಎಲೆಯನ್ನು ತನ್ನದು ಮಾಡಿಕೊಂಡಿತು, ಒಂದೊಂದೇ ಹೆಕ್ಕುತ್ತದೆ. ಟೆಟ್ರಾಗಳಿಗೆ ಅದೇ ಹೊತ್ತಿಗೆ ಇನ್ನೊಂದು ಮೂಲೆಯಲ್ಲಿ ಒಣ ಆಹಾರ ಬೀಳುವ ಹಾಗೆ ಮಾಡಿ, ನಿಮ್ಮ ಹಳೆಯ ಫೀಡರ್ ಇದೆಯಲ್ಲ.

ಫಿಲ್ಟರ್ ಹೀರುವ ಬಾಯಿಗೆ ಸ್ಪಾಂಜ್ ಹಾಕಿ, ಇಲ್ಲದಿದ್ದರೆ ನೀವು ಸಾಕುತ್ತಿರುವುದು ಫಿಲ್ಟರನ್ನು.

ಸಂಜೆ ಬಂದ ಕೂಡಲೇ ಬಾಟಲಿ, ಪೈಪು ಎರಡನ್ನೂ ಬಿಸಿನೀರಿನಲ್ಲಿ ತೊಳೆಯಿರಿ. ಒಂದು ದಿನ ಬಿಟ್ಟರೆ ಗೋಡೆಗೆ ಲೋಳೆ, ಎರಡು ದಿನ ಬಿಟ್ಟರೆ ಮೂಗು ಮುಚ್ಚಿಕೊಳ್ಳಬೇಕು. ದಿನಾ ಮರಿ ಒಡೆಸುವ ಅಗತ್ಯವಿಲ್ಲ, ಒಂದು ಬಾರಿಯದನ್ನು ಉಪ್ಪುನೀರಿನಲ್ಲೇ ಫ್ರಿಜ್ಜಿನಲ್ಲಿಟ್ಟರೆ ಇನ್ನೊಂದು ದಿನಕ್ಕೆ ಬರುತ್ತದೆ. ಹೊರಗೇ ಇಟ್ಟರೆ ಹುಟ್ಟುವಾಗ ಹೊತ್ತು ತಂದ ಮೊಟ್ಟೆಯ ಹಳದಿಯನ್ನು ಮರಿ ತಾನೇ ಖರ್ಚು ಮಾಡಿಕೊಳ್ಳುತ್ತದೆ. ಜೀವ ಇರುತ್ತದೆ, ಸತ್ವ ಇರುವುದಿಲ್ಲ.

ಬಾಡಿಸ್ ಹೊಟ್ಟೆ ನೋಡುತ್ತಿರಿ. ಸಂಜೆಗೆ ಸ್ವಲ್ಪ ಉಬ್ಬಿ, ಕಿತ್ತಳೆ ಬಣ್ಣ ಕಂಡರೆ ಸರಿಯಾಗಿದೆ. ಬೆಳಿಗ್ಗೆಯೂ ಬಟಾಣಿಯ ಹಾಗೆ ದುಂಡಗಿದ್ದರೆ ಒಂದು ದಿನ ಉಪವಾಸ ಹಾಕಿ, ಮೊಟ್ಟೆಯ ಚಿಟಿಕೆ ಕಮ್ಮಿ ಮಾಡಿ. ಈ ಮೀನು ಬೇಗ ಕೊಬ್ಬುತ್ತದೆ. ಒಂದೆರಡು ತಿಂಗಳು ಆದ ಮೇಲೆ, ಫ್ರೋಜನ್ ಬ್ರೈನ್ ಶ್ರಿಂಪ್ ಮರಿ ಕರಗಿಸಿ ಸಿರಿಂಜಿನಲ್ಲಿ ಅದೇ ಕೊಳವೆಯೊಳಗೆ, ಜೀವಂತ ಮರಿಗಳ ಜೊತೆ ಬೆರೆಸಿ ಬಿಟ್ಟು ನೋಡಿ. ನನ್ನ ನಾಲ್ಕರಲ್ಲಿ ಮೂರು ಒಪ್ಪಿಕೊಂಡವು. ನಾಲ್ಕನೆಯದು ಬಾಯಿಗೆ ಹಾಕಿಕೊಂಡು, ಒಂದು ಕ್ಷಣ ಇಟ್ಟುಕೊಂಡು, ಉಗಿಯುತ್ತದೆ, ಇವತ್ತಿಗೂ.

ನಾಲ್ಕೈದು ದಿನ ಊರಿಗೆ ಹೋದರೆ ಇದನ್ನೇ ಓಡಿಸಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಎರಡನೆಯ ದಿನಕ್ಕೇ ಬಾಟಲಿಯಲ್ಲಿರುವುದು ಊಟ ಅಲ್ಲ, ಕೊಳೆ. ಹೊರಡುವ ಹಿಂದಿನ ರಾತ್ರಿ, ಟೆಟ್ರಾಗಳಿಗೆ ಹೊಟ್ಟೆ ತುಂಬಾ ತಿನ್ನಿಸಿ, ಲೈಟ್ ಆರಿಸಿದ ಮೇಲೆ ಒಂದು ಹಿಡಿ ಡಾಫ್ನಿಯಾ (ನೀರಿನಲ್ಲಿ ಈಜಾಡುವ ಸಣ್ಣ ಜೀವಿ) ಬಿಡಿ. ಅದು ಸಿಹಿನೀರಿನ ಪ್ರಾಣಿ, ತಿನ್ನುವ ತನಕ ಬದುಕಿರುತ್ತದೆ. ಚೆನ್ನಾಗಿ ತಿಂದುಂಡ, ಬೆಳೆದ ಮೀನಿಗೆ ಆಮೇಲೆ ಎರಡು ಮೂರು ದಿನ ಏನೂ ಸಿಗದಿದ್ದರೂ ತೊಂದರೆ ಇಲ್ಲ, ಟೈಮರ್ ಪ್ಲಗ್ ಕಿತ್ತು ಹೋಗಿ.