ಆಪ್ತಸಲಹೆ ಪ್ರಕರಣ: ನಿದ್ದೆಯಲ್ಲೇ ತಾರಸಿ ಮೆಟ್ಟಿಲು ಹತ್ತಿದ ಹುಡುಗ

(ಗುರುತು ಸಿಗದಂತೆ ಊರು, ಕೆಲಸ, ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನು ಇಲ್ಲಿ ಚಿನ್ನು ಎಂದು ಕರೆದಿದ್ದೇನೆ.)

ಚಿನ್ನುವಿಗೆ ಹತ್ತು ವರ್ಷ, ಐದನೇ ತರಗತಿ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಮನೆ. ಕೆಳಗೆ ಹಾಲ್, ಎರಡು ಕೋಣೆ. ಮೇಲಿನ ಮಹಡಿ ದುಡ್ಡು ಹೊಂದಿದಾಗ ಮುಗಿಸೋಣ ಎಂದು ಅರ್ಧಕ್ಕೇ ಬಿಟ್ಟದ್ದು. ಕಂಬಿಗಳು ಹೊರಗೆ ಚಾಚಿಕೊಂಡಿವೆ, ತಾರಸಿಯ ಸುತ್ತ ಗೋಡೆ ಎದ್ದಿಲ್ಲ. ತಂದೆಗೆ ಬಸ್ಸಿನಲ್ಲಿ ಕೆಲಸ, ಪಾಳಿಯ ಮೇಲೆ. ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ಜೊತೆಗೆ ಅಜ್ಜಿ ಮತ್ತು ಆರು ವರ್ಷದ ತಂಗಿ.

ಹುಡುಗ ಏಳನೇ ವಯಸ್ಸಿನಿಂದಲೂ ಅಪರೂಪಕ್ಕೊಮ್ಮೆ ನಿದ್ದೆಯಲ್ಲಿ ಎದ್ದು ಓಡಾಡುತ್ತಿದ್ದ. ಹಾಲಿನಲ್ಲಿ ಒಂದು ಸುತ್ತು ಹಾಕಿ ಬಂದು ಮಲಗುತ್ತಿದ್ದ, ಯಾರೂ ಅಷ್ಟಾಗಿ ತಲೆಕೆಡಿಸಿಕೊಂಡಿರಲಿಲ್ಲ. ಈ ವರ್ಷ ಅದು ವಾರಕ್ಕೆರಡು ಸಲ ಆಗತೊಡಗಿತು. ಒಂದು ರಾತ್ರಿ ಚಿಲಕ ತೆಗೆದು ಗೇಟಿನ ಹತ್ತಿರ ನಿಂತಿದ್ದನ್ನು ಎದುರು ಮನೆಯವರು ನೋಡಿದರು. ಇನ್ನೊಂದು ರಾತ್ರಿ ತಾರಸಿ ಮೆಟ್ಟಿಲ ಮೇಲೆ ಸಿಕ್ಕ.

"ಮೇಡಂ, ಕಣ್ಣು ಬಿಟ್ಕೊಂಡೇ ಇದ್ದ. ಕರೆದ್ರೆ ಹೂಂ ಅಂತಾನೆ, ನನ್ನ ಮುಖ ನೋಡಲ್ಲ. ಇನ್ನೆರಡು ಮೆಟ್ಲು ಹತ್ತಿದ್ರೆ ಬಾಗಿಲು. ಬೆಳಿಗ್ಗೆ ಕೇಳಿದ್ರೆ ಒಂದೂ ಗೊತ್ತಿಲ್ಲ ಅವನಿಗೆ," ಎಂದರು ತಾಯಿ. ಅಂದಿನಿಂದ ಅವರು ತಮ್ಮ ಸೀರೆ ಸೆರಗನ್ನು ಮಗನ ಕಾಲಿಗೆ ಕಟ್ಟಿಕೊಂಡು ಮಲಗುತ್ತಿದ್ದರು. ಮಗನನ್ನು ಕೋಣೆಯಲ್ಲಿ ಮಲಗಿಸಿ ಹೊರಗಿನಿಂದ ಬೀಗ ಹಾಕೋಣ ಎಂಬುದು ತಂದೆಯ ಮಾತು. ಅಜ್ಜಿಗೆ ಇದು ಗಾಳಿ ಸೋಕು. ತಾಯತ ಕಟ್ಟಿಸಿಯಾಗಿತ್ತು, ಮೆಣಸಿನಕಾಯಿ ಹೊಗೆ ಹಾಕುವವರೊಬ್ಬರ ವಿಳಾಸವೂ ಸಿಕ್ಕಿತ್ತು. ನಿದ್ದೆಯಲ್ಲಿ ನಡೆಯುವವರನ್ನು ಎಬ್ಬಿಸಿದರೆ ಬುದ್ಧಿ ಕೆಡುತ್ತದೆ ಎಂದು ಯಾರೋ ಹೇಳಿದ್ದರಂತೆ, ಹಾಗಾಗಿ ಆ ರಾತ್ರಿ ಮೆಟ್ಟಿಲ ಮೇಲೂ ತಾಯಿ ಅವನನ್ನು ಮುಟ್ಟಲು ಹೆದರಿ ಹಿಂದೆ ನಿಂತಿದ್ದರು. ಇಡೀ ಕಥೆಯಲ್ಲಿ ನನಗೆ ಅತಿ ಭಯ ಹುಟ್ಟಿಸಿದ್ದು ಈ ಮಾತು.

ಮೊದಲು ಅದನ್ನೇ ಸರಿಪಡಿಸಿದೆ. ಎಬ್ಬಿಸಿದರೆ ಜೀವಕ್ಕಾಗಲಿ ಬುದ್ಧಿಗಾಗಲಿ ಏನೂ ಆಗುವುದಿಲ್ಲ. ಮಗು ಗಲಿಬಿಲಿಗೊಳ್ಳಬಹುದು, ಅಳಬಹುದು, ತಳ್ಳಾಡಬಹುದು. ಅದಕ್ಕಾಗಿಯೇ ಅಲುಗಾಡಿಸುವುದು, ಕೂಗುವುದು, ನೀರು ಎರಚುವುದು ಬೇಡ. ಪಕ್ಕಕ್ಕೆ ಹೋಗಿ, ಹೆಗಲಿನ ಮೇಲೆ ಕೈಯಿಟ್ಟು, "ಬಾ ಕಂದ, ಮಲ್ಕೊಳ್ಳೋಣ" ಎಂದು ಮೆಲ್ಲಗೆ ಹೇಳುತ್ತಾ ಹಾಸಿಗೆಗೆ ತಿರುಗಿಸಿದರೆ ಸಾಮಾನ್ಯವಾಗಿ ಬರುತ್ತದೆ. ಮೆಟ್ಟಿಲು, ಬಾವಿ, ರಸ್ತೆ ಎದುರಿಗಿದ್ದರೆ ಮೆಲ್ಲಗೆ ಗಿಲ್ಲಗೆ ಏನಿಲ್ಲ, ಗಟ್ಟಿಯಾಗಿ ಹಿಡಿದುಕೊಳ್ಳಿ.

ಆಮೇಲೆ ಇದು ಏನು ಎಂಬ ವಿಷಯ. ಮಲಗಿದ ಒಂದರಿಂದ ಮೂರು ಗಂಟೆಯೊಳಗೆ ಬರುವ ಗಾಢನಿದ್ದೆಯಿಂದ ಮಿದುಳು ಪೂರ್ತಿ ಎಚ್ಚರವಾಗದೆ ಅರ್ಧಂಬರ್ಧ ಎದ್ದಾಗ ಹೀಗಾಗುತ್ತದೆ. ಕಾಲು, ಕೈ, ಕಣ್ಣು ಎದ್ದಿರುತ್ತವೆ. ಯೋಚಿಸುವ, ನೆನಪಿಟ್ಟುಕೊಳ್ಳುವ ಭಾಗ ಮಲಗಿಯೇ ಇರುತ್ತದೆ. ಮಕ್ಕಳಲ್ಲಿ ಗಾಢನಿದ್ದೆ ಹೆಚ್ಚು, ಆದ್ದರಿಂದ ಇದೂ ಅವರಲ್ಲೇ ಹೆಚ್ಚು. ಹರೆಯ ಬರುವ ಹೊತ್ತಿಗೆ ಬಹುತೇಕರಲ್ಲಿ ತಾನಾಗಿ ಕಡಿಮೆಯಾಗುತ್ತದೆ. ವಂಶದ ಪಾಲೂ ದೊಡ್ಡದು. ಕೆನಡಾದ ಕ್ವಿಬೆಕ್‌ನಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆತ್ತವರಲ್ಲಿ ಯಾರಿಗೂ ಈ ಅಭ್ಯಾಸ ಇರದಿದ್ದರೆ ಸುಮಾರು ಶೇ. 22 ಮಕ್ಕಳಲ್ಲಿ, ಒಬ್ಬರಿಗಿದ್ದರೆ ಶೇ. 47ರಷ್ಟು, ಇಬ್ಬರಿಗೂ ಇದ್ದರೆ ಶೇ. 61ರಷ್ಟು ಮಕ್ಕಳಲ್ಲಿ ಇದು ಕಾಣಿಸಿಕೊಂಡಿತ್ತು.

ಇದನ್ನು ಹೇಳುತ್ತಿದ್ದಂತೆ ಅಜ್ಜಿ ಮಗನ ಕಡೆ ನೋಡಿದರು. "ಇವ್ನೂ ಹಿಂಗೇ ಕಣಮ್ಮ. ಊರಲ್ಲಿದ್ದಾಗ ಎರಡು ಸರ್ತಿ ಕೊಟ್ಟಿಗೇಲಿ ಸಿಕ್ಕಿದ್ದ. ಅದು ಬ್ಯಾರೆ ಅನ್ಕಂಡಿದ್ದೆ." ತಂದೆಗೆ ಅದು ಗೊತ್ತೇ ಇರಲಿಲ್ಲ. ಅಲ್ಲಿಂದ ಮುಂದೆ ಅಜ್ಜಿ ಗಾಳಿಯ ಮಾತು ಎತ್ತಲಿಲ್ಲ. ತಾಯತ ಇರಲಿ ಎಂದೆ, ಅದರಿಂದ ಯಾರಿಗೂ ತೊಂದರೆಯಿಲ್ಲ. ಹೊಗೆ, ಹೊಡೆತ, ಬರೆ ಮಾತ್ರ ಯಾವ ಕಾರಣಕ್ಕೂ ಕೂಡದು.

ಸೆರಗು ಬಿಚ್ಚಿಸಿದೆ. ಕಾಲು ಕಟ್ಟಿದ ಮಗು ಎದ್ದರೆ ಮುಗ್ಗರಿಸಿ ಬೀಳುತ್ತದೆ, ಬಟ್ಟೆ ಸುತ್ತಿಕೊಳ್ಳುವ ಅಪಾಯ ಬೇರೆ. ತಾಯಿಗೂ ನಿದ್ದೆಯಿಲ್ಲ. ಹೊರಗಿನಿಂದ ಬೀಗ ಹಾಕುವುದು ಇನ್ನೂ ಕೆಟ್ಟದ್ದು: ಬೆಂಕಿ ಹತ್ತಿದರೆ, ಮಗುವಿಗೆ ಉಸಿರು ಕಟ್ಟಿದರೆ ಏನು ಗತಿ? ಭದ್ರ ಮಾಡಬೇಕಾದ್ದು ಮನೆಯನ್ನು, ಮಗುವನ್ನಲ್ಲ. ತಂದೆಗೆ ಒಂದು ಕೆಲಸ ಕೊಟ್ಟೆ: ರಾತ್ರಿ ದೀಪ ಆರಿಸಿದ ಮೇಲೆ ಚಿನ್ನುವಿನ ಹಾಸಿಗೆಯಿಂದ ಹೊರಟು, ಅವನು ಹೋಗಬಹುದಾದ ಕಡೆಗೆಲ್ಲ ನಡೆದು, ಕೈಗೆ ಕಾಲಿಗೆ ಏನೇನು ಸಿಗುತ್ತದೆ ಎಂದು ಬರೆದುಕೊಂಡು ಬರುವುದು.

ಅವರು ತಂದ ಪಟ್ಟಿ ನಾನು ಊಹಿಸಿದ್ದಕ್ಕಿಂತ ಉದ್ದವಿತ್ತು. ತಾರಸಿ ಬಾಗಿಲಿಗೆ ಒಂದೇ ಚಿಲಕ, ಹುಡುಗ ದಿನವೂ ಗಾಳಿಪಟ ಹಿಡಿದು ತೆಗೆಯುವ ಚಿಲಕ. ಕೈಗೆ ರೂಢಿಯಾದದ್ದನ್ನು ಈ ಮಕ್ಕಳು ನಿದ್ದೆಯಲ್ಲೂ ಸಲೀಸಾಗಿ ಮಾಡುತ್ತಾರೆ. ಅದಕ್ಕೇ ಎರಡೂ ಬಾಗಿಲಿಗೆ ಅವನ ಕೈಗೆಟುಕದ ಎತ್ತರದಲ್ಲಿ ಇನ್ನೊಂದು ಚಿಲಕ ಹಾಕಿಸಿದರು. ತಾರಸಿ ಬಾಗಿಲಿಗೆ ಬೀಗವೂ ಬಂತು, ಕೀಲಿ ಅಜ್ಜಿಯ ಸೊಂಟದಲ್ಲಿ. ಮುಂಬಾಗಿಲಿಗೆ ಬೀಗ ಬೇಡ ಎಂದೆ, ದೊಡ್ಡವರು ಕತ್ತಲಲ್ಲೂ ಕ್ಷಣದಲ್ಲಿ ತೆಗೆಯುವಂತಿರಬೇಕು. ಬಾಗಿಲಿಗೆ ಹಸುವಿನ ಕೊರಳ ಗಂಟೆ ಕಟ್ಟುವ ಉಪಾಯ ಅಜ್ಜಿಯದೇ. ಅಂಗಡಿಯಲ್ಲಿ ಸಿಗುವ, ಬಾಗಿಲು ತೆರೆದರೆ ಕೂಗುವ ಅಲಾರಂ ಹೇಳಬೇಕೆಂದಿದ್ದೆ, ಗಂಟೆ ಅದಕ್ಕಿಂತ ಒಳ್ಳೆಯದಾಯಿತು. ಅಲಾರಂ ಚೀರಾಟಕ್ಕೆ ಮಗು ಬೆಚ್ಚಿಬೀಳುವುದು ತಪ್ಪಿತು.

ಮುಂದಿನ ಅಂಗಳದ ನೀರಿನ ಸಂಪಿನ ಮುಚ್ಚಳ ಸಡಿಲವಾಗಿತ್ತು. ನಮ್ಮ ಊರುಗಳಲ್ಲಿ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಿದ್ದೆಯಲ್ಲಿ ನಡೆಯದ ಮಕ್ಕಳೂ ಬೀಳುವ ಜಾಗ ಅದು. ಅದೇ ವಾರ ಬೀಗ ಹಾಕಿಸಿ ಎಂದು ಪಟ್ಟು ಹಿಡಿದೆ. ಮಂಚ ಬಿಟ್ಟು ನೆಲದ ಮೇಲೆ ಹಾಸಿಗೆ, ಕಿಟಕಿಯಿಂದ ದೂರ. ಈಳಿಗೆಮಣೆ, ಚಾಕು, ತಾಯಿಯ ಕತ್ತರಿ ಬೀರುವಿನೊಳಗೆ. ರಾತ್ರಿ ಗ್ಯಾಸ್ ರೆಗ್ಯುಲೇಟರ್ ಬಂದ್. ನಡೆಯುವ ದಾರಿಯಲ್ಲಿ ಸ್ಟೂಲು, ವೈರು, ಉರಿಯುವ ಸೊಳ್ಳೆಬತ್ತಿ ಇಲ್ಲ. ಬಚ್ಚಲ ಕಡೆಗೆ ಸಣ್ಣ ದೀಪ.

ಇಷ್ಟಾದರೂ ಪ್ರಶ್ನೆ ಉಳಿಯಿತು: ಈ ವರ್ಷವೇ ಯಾಕೆ ಹೆಚ್ಚಾಯಿತು? ತಾಯಿಗೆ ಗೋಡೆ ಕ್ಯಾಲೆಂಡರಿನಲ್ಲೇ ಗುರುತು ಹಾಕಲು ಹೇಳಿದೆ. ಮಲಗಿದ್ದು, ಎದ್ದದ್ದು, ನಡೆದದ್ದು ಎಷ್ಟು ಹೊತ್ತಿಗೆ, ಅಂದು ಜ್ವರವಿತ್ತೇ, ಮನೆಗೆ ಯಾರು ಬಂದರು. ಮೂರು ವಾರದ ಕ್ಯಾಲೆಂಡರ್ ಎಲ್ಲವನ್ನೂ ಹೇಳಿತು. ಹುಡುಗ ನವೋದಯ ಪ್ರವೇಶ ಪರೀಕ್ಷೆಗೆ ತಯಾರಾಗುತ್ತಿದ್ದ. ತಪ್ಪಿದರೆ ಮೊರಾರ್ಜಿ ದೇಸಾಯಿ ವಸತಿ ಶಾಲೆಯಾದರೂ ಸಿಗಲಿ ಎಂದು ಅದಕ್ಕೂ. ಬೆಳಿಗ್ಗೆ ಐದೂವರೆಗೆ ಒಂದು ಕೋಚಿಂಗ್, ಸಂಜೆ ಇನ್ನೊಂದು. ರಾತ್ರಿ ಹತ್ತೂವರೆಗೆ ಒಂದು ದೊಡ್ಡ ಲೋಟ ಹಾಲು ಕುಡಿದು ಮಲಗಿ, ಐದಕ್ಕೆ ಏಳುವುದು. ಆರೂವರೆ ಗಂಟೆ ನಿದ್ದೆ. 6ರಿಂದ 12 ವರ್ಷದ ಮಕ್ಕಳಿಗೆ ಬೇಕಾದ್ದು 9ರಿಂದ 12 ಗಂಟೆ. ನಿದ್ದೆ ಕಡಿಮೆಯಾದಷ್ಟೂ ಗಾಢನಿದ್ದೆ ಇನ್ನಷ್ಟು ಆಳವಾಗುತ್ತದೆ, ಅದರಿಂದ ಸರಿಯಾಗಿ ಏಳಲಾಗದ ಮಗು ನಡೆಯತೊಡಗುತ್ತದೆ.

ಇನ್ನೊಂದು ಸಂಗತಿ ತಾಯಿಯೇ ಕಂಡುಹಿಡಿದದ್ದು. ಅವನು ನಡೆದ ರಾತ್ರಿಗಳಲ್ಲಿ ಹೆಚ್ಚಿನವು ತಂದೆಗೆ ಎರಡನೇ ಪಾಳಿಯಿದ್ದ ದಿನಗಳು. ಹನ್ನೊಂದೂಮುಕ್ಕಾಲಿಗೆ ಬೈಕ್ ಸದ್ದು, ಗೇಟ್ ಕಿರುಗುಟ್ಟುವುದು, ಕಾಲಿಂಗ್ ಬೆಲ್. ಹುಡುಗ ಮಲಗುತ್ತಿದ್ದುದು ಹಾಲಿನಲ್ಲಿ. ಗಾಢನಿದ್ದೆಯ ನಡುವೆ ಸದ್ದು, ಜೊತೆಗೆ ತುಂಬಿದ ಮೂತ್ರಕೋಶ. ಹನ್ನೆರಡರ ಹೊತ್ತಿಗೆ ಚಿನ್ನು ಎದ್ದಿರುತ್ತಿದ್ದ.

ಪಾಳಿ ತಪ್ಪಿಸಲಾಗದು. ಬೆಲ್ ಬದಲು ಫೋನಿಗೆ ಮಿಸ್ಡ್ ಕಾಲ್, ಬೈಕ್ ತಿರುವಿನಲ್ಲೇ ಬಂದ್ ಮಾಡಿ ತಳ್ಳಿಕೊಂಡು ಬರುವುದು, ಗೇಟಿಗೆ ಎಣ್ಣೆ, ಹುಡುಗನ ಹಾಸಿಗೆ ಒಳಕೋಣೆಗೆ, ಹಾಲು ಏಳು ಗಂಟೆಗೆ, ಮಲಗುವ ಮುಂಚೆ ಬಚ್ಚಲು. ಇಷ್ಟಕ್ಕೆ ತಂದೆ ತಕ್ಷಣ ಒಪ್ಪಿದರು. ಜಟಾಪಟಿ ನಡೆದದ್ದು ಬೆಳಗಿನ ಕೋಚಿಂಗ್ ವಿಷಯದಲ್ಲಿ. "ಸೀಟು ಸಿಗ್ದೇ ಹೋದ್ರೆ ನೀವು ಜವಾಬ್ದಾರೀನಾ ಮೇಡಂ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆ ಸೀಟು ಆ ಮನೆಗೆ ಏನು ಎಂಬುದು ನನಗೂ ಗೊತ್ತು. ನಿದ್ದೆಗೆಟ್ಟ ಮಗುವಿಗೆ ಬೆಳಿಗ್ಗೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಒಂದು ತಿಂಗಳು ಬಿಟ್ಟು ನೋಡಿ ಎಂದೆ. ಒಂಬತ್ತಕ್ಕೆ ಮಲಗಿ ಆರಕ್ಕೆ ಏಳುವುದು ಎಂದು ತೀರ್ಮಾನವಾಯಿತು, ಭಾನುವಾರವೂ ಅದೇ ಹೊತ್ತು.

ಒಂಬತ್ತಕ್ಕೇ ಮಲಗತೊಡಗಿದ ಮೇಲೆ ನಡಿಗೆ ಕಡಿಮೆಯಾಯಿತು, ಆದರೆ ನಡೆದ ದಿನಗಳಲ್ಲಿ ಹತ್ತೂಮುಕ್ಕಾಲರ ಆಸುಪಾಸಿನಲ್ಲೇ ನಡೆಯುತ್ತಿದ್ದ. ಹೊತ್ತು ಹೀಗೆ ನಿಗದಿಯಾಗಿದ್ದರೆ ಮಾಡಬಹುದಾದ ಉಪಾಯವೊಂದಿದೆ. ಅದಕ್ಕೆ ಹದಿನೈದರಿಂದ ಮೂವತ್ತು ನಿಮಿಷ ಮುಂಚೆ ಮಗುವನ್ನು ಮೆಲ್ಲಗೆ ಎಬ್ಬಿಸಿ, ಒಂದೆರಡು ಮಾತಾಡಿಸಿ, ಮತ್ತೆ ಮಲಗಿಸುವುದು. ಎರಡರಿಂದ ನಾಲ್ಕು ವಾರ, ದಿನವೂ. ಎಲ್ಲ ಮಕ್ಕಳಿಗೂ ಫಲಿಸುತ್ತದೆ ಎನ್ನಲಾಗದು. ಚಿನ್ನುವಿಗೆ ಫಲಿಸಿತು. ಅಜ್ಜಿ ತಮ್ಮ ಧಾರಾವಾಹಿ ಮುಗಿದ ಕೂಡಲೇ ಎಬ್ಬಿಸುತ್ತಿದ್ದರು, ಒಂದು ದಿನವೂ ತಪ್ಪಿಸಲಿಲ್ಲ.

ಇಷ್ಟರ ನಡುವೆ ಮಕ್ಕಳ ವೈದ್ಯರ ಹತ್ತಿರ ಕಳಿಸಿದ್ದೆ. ಗೊರಕೆ, ಬಾಯಲ್ಲಿ ಉಸಿರಾಡುವುದು ಇದ್ದರೆ ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ನೋಡಬೇಕು. ಮಲಗಿದಾಗ ಕಾಲು ಚಡಪಡಿಸುತ್ತಿದ್ದರೆ ರಕ್ತದಲ್ಲಿ ಕಬ್ಬಿಣಾಂಶ. ಚಿನ್ನುವಿಗೆ ಇವೆರಡೂ ಇರಲಿಲ್ಲ. ಒಂದೇ ರಾತ್ರಿ ಹಲವು ಸಲ ಆಗುವುದು, ಪ್ರತಿ ಸಲವೂ ಅಚ್ಚುಹೊಡೆದಂತೆ ಅದೇ ಚಲನೆ, ಕೈಕಾಲು ಸೆಟೆದುಕೊಳ್ಳುವುದು, ನಾಲಿಗೆ ಕಚ್ಚಿಕೊಳ್ಳುವುದು, ಬೆಳಗಿನ ಜಾವವೂ ಬರುವುದು ಕಂಡರೆ ಮೂರ್ಛೆರೋಗ ಇರಬಹುದು, ನರರೋಗ ತಜ್ಞರಿಗೆ ತೋರಿಸಲೇಬೇಕು. ಇದಕ್ಕೆ ಮೊಬೈಲ್ ವಿಡಿಯೊ ವೈದ್ಯರಿಗೆ ತುಂಬ ಉಪಯೋಗ. ವೈದ್ಯರಿಗೆ ಮಾತ್ರ. ಚಿನ್ನುವಿನ ಚಿಕ್ಕಪ್ಪ ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ ನಗೆಮೊಗದ ಗುರುತು ಒತ್ತಿದ್ದರು. ತಂಗಿ ಕೈಚಾಚಿ ಅಣ್ಣನ ಹಾಗೆ ನಡೆದು ತೋರಿಸುತ್ತಿದ್ದಳು. ಹುಡುಗ ಮಲಗಲು ಹೆದರತೊಡಗಿದ್ದು ಇದರಿಂದ. ವಿಡಿಯೊ ಅಳಿಸಿಸಿದೆ. ತಂಗಿಗೆ ತಾಯಿ ಹೇಳಿದರು.

ನಡಿಗೆ ಪೂರ್ತಿ ನಿಂತಿಲ್ಲ. ಜ್ವರ ಬಂದಾಗ ಒಮ್ಮೆ, ನೆಂಟರ ಮದುವೆಗೆ ಹೋಗಿ ಛತ್ರದಲ್ಲಿ ಮಲಗಿದಾಗ ಒಮ್ಮೆ ಎದ್ದ. ಛತ್ರದಲ್ಲಿ ತಾಯಿ ಅವನನ್ನು ಗೋಡೆ ಕಡೆ ಮಲಗಿಸಿ ತಾವು ಬಾಗಿಲ ಕಡೆ ಮಲಗಿದ್ದರು, ಅಡ್ಡ ಸಿಕ್ಕ.

ಕೊನೆಯ ಭೇಟಿಯಲ್ಲಿ ಹಾಸ್ಟೆಲಿನ ಮಾತು ಬಂತು. ಸೀಟು ಸಿಕ್ಕರೆ ಕಳಿಸಬಹುದೇ? ಕಳಿಸಬಹುದು, ಮುಚ್ಚಿಟ್ಟು ಕಳಿಸಬಾರದು ಎಂದೆ. ವಾರ್ಡನ್ನರಿಗೆ ಬರವಣಿಗೆಯಲ್ಲಿ, ವೈದ್ಯರ ಚೀಟಿಯೊಂದಿಗೆ ತಿಳಿಸಬೇಕು: ಇವನಿಗೆ ಕೆಳಗಿನ ಮಂಚ, ಸಾಧ್ಯವಾದರೆ ನೆಲಮಹಡಿ, ಮೆಟ್ಟಿಲಿನಿಂದ ದೂರ, ಎದ್ದರೆ ಹೀಗೆ ಕರೆದುಕೊಂಡು ಬಂದು ಮಲಗಿಸಿ, ಹುಡುಗರೆದುರು ಆಡಿಕೊಳ್ಳಬೇಡಿ. ಮನೆಯವರಿಗೆ ರಾತ್ರಿ ಏನಾದರೂ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಚಿನ್ನು ಅಷ್ಟು ಹೊತ್ತೂ ಸುಮ್ಮನೆ ಕೂತಿದ್ದವನು, "ಮ್ಯಾಮ್, ಆ ಲೆಟರ್ ನಾನೇ ಬರೀಲಾ?" ಎಂದ. ಬರಿ ಎಂದು ಹಾಳೆ ಕೊಟ್ಟೆ. ಕೆಳಗಿನ ಮಂಚದ ವಿಷಯ ಮೊದಲು ಬರೆದ. ತಂದೆ ಓದಿ ನೋಡಿ, ಕೆಳಗೆ ತಮ್ಮ ಫೋನ್ ನಂಬರ್ ಸೇರಿಸಿದರು.